ಹಬ್ಬದೂಟಕ್ಕೆ ಅಮ್ಮನೂ ಕೂರಲಿ

ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ದೇವಾಲಯದ ಹಿಂದಿನ ಸಾಲುಗಳತ್ತ ಒಮ್ಮೆ ಕಣ್ಣು ಹಾಯಿಸಿ. ಮಹಿಮಾಗೀತೆ ಆರಂಭವಾಗಿದೆ, ಗಂಟೆಗಳು ಮೊಳಗುತ್ತಿವೆ, ಬಾಲಯೇಸುವಿನ ಸ್ವರೂಪವನ್ನು ಗೋದಲಿಯಲ್ಲಿ ಮಲಗಿಸುವುದನ್ನು ನೋಡಲು ಮಕ್ಕಳು ಬೆಂಚು ಹತ್ತಿ ನಿಂತಿದ್ದಾರೆ. ಅಲ್ಲೇ ಕಂಬಕ್ಕೆ ಒರಗಿ, ಹೊಸ ಸೀರೆಯುಟ್ಟ ತಾಯಿಯೊಬ್ಬರು ತೂಕಡಿಸುತ್ತಿರುತ್ತಾರೆ. ಮುಂಗೈಯಲ್ಲಿ ಎಣ್ಣೆ ಸಿಡಿದ ಗುರುತು, ಬೆರಳುಗಳಲ್ಲಿ ಎಷ್ಟು ತೊಳೆದರೂ ಹೋಗದ ಈರುಳ್ಳಿ ವಾಸನೆ. ಮೂರು ದಿನದಿಂದ ಒಲೆಯ ಮುಂದೆ ನಿಂತವರಿಗೆ ಪೀಠದ ಮುಂದೆ ಕೂತೊಡನೆ ನಿದ್ದೆ ಬರದೆ ಇನ್ನೇನಾದೀತು? ನಮ್ಮ ಧರ್ಮಕೇಂದ್ರದಲ್ಲಿ ಹಾಗೆ ತೂಕಡಿಸುತ್ತಿದ್ದವರಲ್ಲಿ ನಮ್ಮ ಅಮ್ಮನೂ ಒಬ್ಬರು.

ನಾವು ಒಡಹುಟ್ಟಿದವರು ಮೂವರು. ಮೂವರಿಗೂ ಮದುವೆಯಾಗಿ ಬೇರೆ ಬೇರೆ ಮನೆ ಮಾಡಿದ್ದರೂ ಕ್ರಿಸ್ಮಸ್ ಮಾತ್ರ ಬೆಂಗಳೂರಿನಲ್ಲಿ ಅಮ್ಮನ ಮನೆಯಲ್ಲೇ. ಮಕ್ಕಳು ಮರಿ, ಚಿಕ್ಕಪ್ಪ ಚಿಕ್ಕಮ್ಮ, ಅಕ್ಕಪಕ್ಕದವರು ಎಂದು ಇಪ್ಪತ್ತು ಜನರಿಗೆ ಕಡಿಮೆ ಇರುವುದಿಲ್ಲ. 2012ರ ಹಬ್ಬದ ದಿನ ಬಿರಿಯಾನಿ ದಮ್ಮಿಗೆ ಇಟ್ಟಿದ್ದಾಗ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ಎತ್ತಿ ನೋಡಿದರೆ ಅದೂ ಖಾಲಿ. ಹಬ್ಬದ ರಜೆ, ಗ್ಯಾಸ್ ಏಜೆನ್ಸಿಗೆ ಬೀಗ. ಕೊನೆಗೆ ಪಕ್ಕದ ಮನೆಯವರು ತಮ್ಮ ಒಲೆಗೆ ಹಾಕಿದ್ದ ಸಿಲಿಂಡರನ್ನೇ ಕಳಚಿ ಕೊಟ್ಟರು. ಹೋದ ಹೊತ್ತನ್ನು ತುಂಬಲು ಉರಿ ಜೋರು ಮಾಡಿದ್ದೇ ತಪ್ಪಾಯಿತು: ತಳ ಹತ್ತಿತು, ಮೇಲೆ ಅಕ್ಕಿ ಬೆಂದಿರಲಿಲ್ಲ. ಅಷ್ಟು ಹೊತ್ತೂ ನಾವು ಮೂವರು ಹಜಾರದಲ್ಲಿ ಕೇಕ್ ತಿನ್ನುತ್ತಾ ಹಳೆಯ ಫೋಟೋ ಆಲ್ಬಂ ನೋಡುತ್ತಿದ್ದೆವು. ಊಟಕ್ಕೆ ಕುಳಿತಾಗ ನಮ್ಮಲ್ಲೊಬ್ಬರು, "ಅಮ್ಮ, ಈ ಸಲ ಬಿರಿಯಾನಿ ಸೀದಿದೆಯಲ್ಲಾ" ಎಂದುಬಿಟ್ಟರು. ಯಾರೆಂದು ಬರೆಯುವುದಿಲ್ಲ, ಉಳಿದಿಬ್ಬರೂ ನಕ್ಕೆವು ಎಂಬುದು ನಿಜ. ಅಮ್ಮ ಮೂರೂವರೆಗೆ ಅಡುಗೆಮನೆಯಲ್ಲಿ ನಿಂತೇ ಊಟ ಮಾಡಿದರು, ಅದೂ ತಪ್ಪಲೆಯ ತಳದ್ದು. ಎರಡು ದಿನ ಕಳೆದ ಮೇಲೆ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, "ಮುಂದಿನ ವರ್ಷ ಹೋಟೆಲಿನಿಂದಲೇ ತರಿಸಿಬಿಡಿ" ಎಂದರು.

ನಮಗೆ ಎಚ್ಚರವಾದದ್ದು ಆ ಮಾತಿಗೆ. ಹೋಟೆಲ್ ಊಟ ಪಾಪವೇನಲ್ಲ. ಕೈಲಾಗದವರು, ಒಂಟಿಯಾಗಿರುವವರು ತರಿಸಿಕೊಂಡು ಸಂತೋಷದಿಂದ ಉಣ್ಣಲಿ. ಆದರೆ ಅಡುಗೆಯನ್ನು ಅಷ್ಟು ಪ್ರೀತಿಸುತ್ತಿದ್ದ ಅಮ್ಮನ ಬಾಯಲ್ಲಿ ಆ ಮಾತು ಬರಬೇಕಾದರೆ ಎಷ್ಟು ವರ್ಷದ ದಣಿವಿರಬೇಕು!

ಬೆಥಾನಿಯ ಮಾರ್ತಳ ಪ್ರಸಂಗ ನಮಗೆಲ್ಲ ಗೊತ್ತಿರುವಂಥದ್ದೇ (ಲೂಕ 10: 38-42). ಅದರ ಮೇಲೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಮರಿಯಳಂತೆ ಪ್ರಭುವಿನ ಪಾದದ ಬಳಿ ಕುಳಿತುಕೊಳ್ಳಿ, ಮಾರ್ತಳಂತೆ ಗಡಿಬಿಡಿ ಮಾಡಬೇಡಿ ಎಂದು ಕೇಳಿ ಮನೆಗೆ ಬಂದು, ಊಟ ಇನ್ನೂ ಆಗಿಲ್ಲವೇ ಎಂದು ಅದೇ ಬಾಯಲ್ಲಿ ಕೇಳಿದವರೂ ನಾವೇ. ಶುಭಸಂದೇಶವನ್ನು ಮತ್ತೊಮ್ಮೆ ನಿಧಾನವಾಗಿ ಓದಿದರೆ, ಅಡುಗೆ ಬೇಡವೆಂದು ಪ್ರಭು ಎಲ್ಲೂ ಹೇಳಿಲ್ಲ. ಮಾರ್ತಳು ಹತ್ತಾರು ವಿಷಯಗಳನ್ನು ಒಟ್ಟಿಗೆ ತಲೆಗೆ ಹಚ್ಚಿಕೊಂಡಿದ್ದನ್ನು ಅವರು ಕಂಡರು. ಮಾರ್ತಳ ದೂರಾದರೋ ತಾನು ಒಬ್ಬಂಟಿಯಾಗಿ ದುಡಿಯುತ್ತಿದ್ದೇನೆ ಎಂಬುದು. ಕೆಲಸ ಬಹಳ, ಮಾಡುವವಳು ಒಬ್ಬಳೇ. ನಮ್ಮ ಮನೆಯ ಕಷ್ಟವೂ ಇವೆರಡೇ ಆಗಿತ್ತು. ಇನ್ನೊಂದು ಮಾತು: ಜುಲೈ 29 ಬಹುಕಾಲ ಸಂತ ಮಾರ್ತಳೊಬ್ಬಳ ಸ್ಮರಣೆಯಾಗಿತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಅನುಮತಿಯಿಂದ ಅದು ಮಾರ್ತಾ, ಮರಿಯಾ, ಲಾಜರ ಎಂಬ ಒಡಹುಟ್ಟಿದ ಮೂವರ ಸ್ಮರಣೆಯಾಯಿತು. ಮೂವರೂ ಒಂದೇ ದಿನ ಒಟ್ಟಾಗಿರುವುದನ್ನು ಕ್ಯಾಲೆಂಡರಿನಲ್ಲಿ ನೋಡಿದಾಗ ನಮಗೇಕೋ ನಮ್ಮ ಮನೆಯ ಅಡುಗೆಮನೆಯೇ ನೆನಪಾಯಿತು.

ಮರುವರ್ಷ, ಅಂದರೆ 2013ರಲ್ಲಿ, ಆಗಮನಕಾಲದ ಮೊದಲ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಹಬ್ಬದ ತಿಂಡಿ ತಿನಿಸುಗಳನ್ನೆಲ್ಲ ಬರೆದೆವು. ಹದಿಮೂರು ಬಗೆ ಆಯಿತು! ಕೋಳಿಯೇ ಮೂರು ವಿಧ. ಯಾವುದು ಇಲ್ಲದಿದ್ದರೆ ಯಾರಿಗೆ ಬೇಸರವಾಗುತ್ತದೆ ಎಂದು ಒಂದೊಂದನ್ನೇ ಕೇಳುತ್ತಾ ಹೋದೆವು. ಕಟ್ಲೆಟ್ ಅನ್ನು ಯಾರೂ ಕೇಳಲಿಲ್ಲ. ಜಾಮೂನು, ಕಸ್ಟರ್ಡ್ ಎರಡೂ ಬೇಡವಾಯಿತು, ಕೇಕ್ ಇದೆಯಲ್ಲ. ತುಪ್ಪದನ್ನ ಏಕೆ ಮಾಡುತ್ತಿದ್ದೆವೆಂದು ಅಮ್ಮನಿಗೂ ನೆನಪಿರಲಿಲ್ಲ. ಯಾವುದೋ ವರ್ಷ ಯಾರೋ ನೆಂಟರು ಬಿರಿಯಾನಿ ತಿನ್ನುವುದಿಲ್ಲವೆಂದು ಸೇರಿಕೊಂಡದ್ದು ಹಾಗೇ ಉಳಿದುಬಿಟ್ಟಿತ್ತಂತೆ. ಕೊನೆಗೆ ಹಬ್ಬದ ಊಟಕ್ಕೆ ಉಳಿದದ್ದು ಮಟನ್ ಬಿರಿಯಾನಿ, ಕೋಳಿ ಹುರಿದದ್ದು, ಹಂದಿಮಾಂಸದ ಸಾರು, ಮೊಸರುಬಜ್ಜಿ, ಒಂದು ಪಲ್ಯ, ಕೇಕ್. ಕುರುಕಲು ತಿಂಡಿಗಳು ಬೇರೆ.

ಆಮೇಲೆ ಪಟ್ಟಿಯನ್ನು ಇನ್ನೊಂದು ಕಣ್ಣಿನಿಂದ ನೋಡಿದೆವು. ಯಾವುದು ವಾರಗಟ್ಟಲೆ ಕೆಡದೆ ಇರುತ್ತದೆ, ಯಾವುದು ಒಂದೆರಡು ದಿನ ಇಟ್ಟರೆ ಇನ್ನೂ ರುಚಿಯಾಗುತ್ತದೆ, ಯಾವುದನ್ನು ಆ ದಿನವೇ ಮಾಡಬೇಕು? ಈ ಲೆಕ್ಕ ಸಿಕ್ಕಿತೆಂದರೆ ಅರ್ಧ ಭಾರ ಇಳಿದಂತೆ. ಆಗಮನಕಾಲವೆಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು. ಅದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಶುರುವಾಗುತ್ತದೆ. ನಾಲ್ಕು ಮೇಣದಬತ್ತಿಗಳನ್ನು ವಾರಕ್ಕೊಂದರಂತೆ ಹಚ್ಚುವ ನಾವು ಅಡುಗೆಯನ್ನು ಮಾತ್ರ ನಾಲ್ಕನೆಯ ವಾರಕ್ಕೇ ತಳ್ಳುತ್ತಿದ್ದೆವು.

ಮೊದಲ ವಾರ ಕೇಕಿನ ಒಣಹಣ್ಣುಗಳನ್ನು ಸಣ್ಣಗೆ ಹೆಚ್ಚಿ ರಮ್ಮಿನಲ್ಲಿ ನೆನೆಹಾಕುತ್ತೇವೆ. ರಮ್ ಬೇಡವೆನ್ನುವ ಮನೆಗಳಲ್ಲಿ ಕಿತ್ತಳೆ ರಸ ಸಾಕು, ಆದರೆ ಅದನ್ನು ಫ್ರಿಜ್ಜಿನಲ್ಲೇ ಇಡಬೇಕು, ನೆನೆಸುವುದೂ ಕೇಕಿನ ಹಿಂದಿನ ದಿನವಷ್ಟೇ. ರಮ್ಮಿನಲ್ಲಿ ನೆಂದ ಹಣ್ಣಿನ ಕೇಕನ್ನು ಹಬ್ಬಕ್ಕೆ ಹತ್ತು ದಿನ ಮೊದಲೇ ಬೇಯಿಸಿ, ಚೆನ್ನಾಗಿ ಆರಿಸಿ, ಗಾಳಿಯಾಡದಂತೆ ಸುತ್ತಿಟ್ಟರೆ ಹಳೆಯದಾದಷ್ಟೂ ಮೃದುವಾಗುತ್ತದೆ. ಎರಡನೆಯ ವಾರ ಕಲ್ಕಲ್. ನಮ್ಮ ಅತ್ತಿಗೆ ಮಂಗಳೂರಿನ ಕಡೆಯವರು. ಅವರ ತವರಿನಲ್ಲಿ ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ, ಕಲ್ಕಲ್‌ಗೆ ಕಿಡಿಯೊ ಎನ್ನುತ್ತಾರೆ. ಕಿಡಿಯೊ ಎಂದರೆ ಹುಳು ಎಂದು ತಿಳಿದ ಮೇಲೆ ಮಕ್ಕಳಿಗೆ ಅದನ್ನು ಮಾಡುವ ಉತ್ಸಾಹ ಇಮ್ಮಡಿಯಾಯಿತು. ಮೈದಾ, ಸ್ವಲ್ಪ ರವೆ, ತೆಂಗಿನಹಾಲು, ಮೊಟ್ಟೆ, ಸಕ್ಕರೆ ಕಲಸಿದ ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೈಗೆ ಹೇಳಿ ಮಾಡಿಸಿದ ಕೆಲಸ. ದೊಡ್ಡವರೊಬ್ಬರು ಬಾಣಲೆಯ ಹತ್ತಿರ ನಿಂತರಾಯಿತು. ಮಕ್ಕಳು ಸುತ್ತಿದ್ದು ಒಂದೊಂದು ಒಂದೊಂದು ಗಾತ್ರ ಇರುತ್ತದೆ, ಇರಲಿ. ಬಹಳ ದಪ್ಪನೆಯವು ಒಳಗೆ ಹಸಿಯಾಗಿ ಉಳಿದು ಬೇಗ ಮೆತ್ತಗಾಗುತ್ತವೆ, ಅವನ್ನು ಅಂದೇ ತಿಂದುಬಿಡಬಹುದು. ಉಳಿದವು ಡಬ್ಬದಲ್ಲಿ ಎರಡು ಮೂರು ವಾರ ಗರಿಗರಿಯಾಗಿರುತ್ತವೆ.

ಮೂರನೆಯ ವಾರ ರೋಸ್ ಕುಕ್ಕಿ ಮತ್ತು ಚಕ್ಕುಲಿ. ರೋಸ್ ಕುಕ್ಕಿಯ ಅಚ್ಚಿನ ವಿಷಯದಲ್ಲಿ ಎಷ್ಟೋ ಮನೆಗಳಲ್ಲಿ ಕಣ್ಣೀರು ಹರಿದಿದೆ. ಹಿಟ್ಟು ಅಚ್ಚನ್ನು ಬಿಡುವುದೇ ಇಲ್ಲ! ಹೊಸ ಅಚ್ಚನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಪ್ರತಿಸಲವೂ ಕಾದ ಎಣ್ಣೆಯಲ್ಲಿ ಅಚ್ಚನ್ನು ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಮೇಲಂಚಿನವರೆಗೂ ಅದ್ದಿದರೆ ಹಿಟ್ಟು ಅಚ್ಚನ್ನು ಮೇಲಿನಿಂದ ಅಪ್ಪಿಹಿಡಿಯುತ್ತದೆ, ಕಳಚಿಕೊಳ್ಳಲು ದಾರಿಯೇ ಇರುವುದಿಲ್ಲ. ಕಜ್ಜಾಯವನ್ನು ಮಾತ್ರ ಹಬ್ಬದ ಹತ್ತಿರವೇ ಕರಿಯುತ್ತೇವೆ, ಆದರೆ ಅದರಲ್ಲೂ ಕಷ್ಟವೆಲ್ಲ ಇರುವುದು ಅಕ್ಕಿ ನೆನೆಸಿ, ಬಸಿದು, ಪಸೆಯಿರುವಾಗಲೇ ಹಿಟ್ಟು ಮಾಡಿ, ಬೆಲ್ಲದ ಪಾಕಕ್ಕೆ ಸೇರಿಸುವುದರಲ್ಲಿ. ಆ ಪಾಕದ ಹಿಟ್ಟು ಒಂದೆರಡು ದಿನ ಕೂತರೇ ಕಜ್ಜಾಯ ಚೆನ್ನ. ಇಪ್ಪತ್ತೊಂದಕ್ಕೆ ಹಿಟ್ಟು ಮಾಡಿಟ್ಟು ಇಪ್ಪತ್ತಮೂರಕ್ಕೆ ತಟ್ಟಿ ಕರಿದರೆ ಇಪ್ಪತ್ತನಾಲ್ಕರ ಒಲೆ ಖಾಲಿ.

ಇನ್ನು ಮಾಂಸದ ಅಡುಗೆ. ವಿನಿಗರ್ ಹಾಕಿ ಮಾಡುವ ಹಂದಿಮಾಂಸದ ಸಾರು ಮಾಡಿದ ದಿನಕ್ಕಿಂತ ಮರುದಿನ ರುಚಿ, ಅದರ ಮರುದಿನ ಇನ್ನೂ ರುಚಿ. ಹಾಗಾಗಿ ಅದು ಇಪ್ಪತ್ತಮೂರರಂದೇ ಮುಗಿಯುತ್ತದೆ. ಹಬ್ಬದ ದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿದರಾಯಿತು. ಬಿರಿಯಾನಿಗೆ ಈರುಳ್ಳಿ ಹುರಿಯುವುದೇ ಮುಕ್ಕಾಲು ಗಂಟೆಯ ಕೆಲಸ. ಕೆಂಪಗೆ ಹುರಿದು, ಎಣ್ಣೆ ಬಸಿದು, ಆರಿಸಿ ಡಬ್ಬಕ್ಕೆ ಹಾಕಿದರೆ ಎರಡು ಮೂರು ದಿನಕ್ಕೆ ಏನೂ ಆಗುವುದಿಲ್ಲ. ಶುಂಠಿ ಬೆಳ್ಳುಳ್ಳಿಯನ್ನು ಹಿಂದಿನ ದಿನ ರುಬ್ಬಿ ಫ್ರಿಜ್ಜಿನಲ್ಲಿಡಿ. ಇಪ್ಪತ್ತನಾಲ್ಕರ ರಾತ್ರಿ ಪೂಜೆಗೆ ಹೊರಡುವ ಮುನ್ನ ಮಟನ್ನಿಗೆ ಮೊಸರು, ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾವು ಪ್ರಾರ್ಥಿಸುತ್ತಿರುವಾಗ ಅದು ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ಸಾನ್ನಾ ಮಾಡುವವರಿಗೆ ಒಂದು ಸೂಚನೆ: ಡಿಸೆಂಬರ್ ಚಳಿಯಲ್ಲಿ ಹಿಟ್ಟು ಬೇಗ ಹುದುಗುವುದಿಲ್ಲ. ಉರಿ ಹಚ್ಚದ ಓವನ್ನಿನೊಳಗೆ ಬಿಸಿನೀರಿನ ಪಾತ್ರೆಯ ಜೊತೆ ಹಿಟ್ಟಿನ ಪಾತ್ರೆಯನ್ನಿಟ್ಟು ಬಾಗಿಲು ಮುಚ್ಚಿದರೆ ಸಾಕು.

ಮುಂಚಿತವಾಗಿ ಮಾಡುವಾಗ ಒಂದು ಎಚ್ಚರಿಕೆ ಅಗತ್ಯ. ಹಬ್ಬದ ಮರುದಿನ ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟರೆ ಅದರ ದೂರೂ ಅಡುಗೆ ಮಾಡಿದವರ ಮೇಲೇ ತಾನೇ? ಬೇಯಿಸಿದ ಮಾಂಸ, ಅನ್ನ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಅನ್ನದಲ್ಲಿರುವ ಒಂದು ಬಗೆಯ ಸೂಕ್ಷ್ಮಾಣು ಬೇಯಿಸಿದರೂ ಬೀಜರೂಪದಲ್ಲಿ ಬದುಕುಳಿದು, ಅನ್ನ ಉಗುರುಬೆಚ್ಚಗಿರುವಾಗ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದುದರಿಂದ ಉಳಿದ ಬಿರಿಯಾನಿಯನ್ನು ದೊಡ್ಡ ತಪ್ಪಲೆಯಲ್ಲೇ ಬಿಡದೆ ಅಗಲವಾದ ತಟ್ಟೆಗಳಲ್ಲಿ ಹರಡಿ, ಆರಿದೊಡನೆ ಫ್ರಿಜ್ಜಿಗೆ ಸೇರಿಸಿ. ಫ್ರೀಜರಿನಲ್ಲಿಟ್ಟ ಕೋಳಿಯನ್ನು ಸಿಂಕಿನಲ್ಲಿಟ್ಟು ಕರಗಿಸಬೇಡಿ. ಹಿಂದಿನ ದಿನವೇ ಕೆಳಗಿನ ತಟ್ಟಿಗೆ ಇಳಿಸಿಡಿ. ಎರಡು ಕಿಲೋ ಕೋಳಿ ಪೂರ್ತಿ ಕರಗಲು ಒಂದು ದಿನವೇ ಬೇಕು. ಹಬ್ಬದ ದಿನ ಫ್ರಿಜ್ಜಿನಲ್ಲಿ ಜಾಗ ಇರುವುದಿಲ್ಲವೆಂಬುದು ಎಲ್ಲರ ಗೋಳು. ತಂಪು ಪಾನೀಯದ ಬಾಟಲಿಗಳನ್ನು ಐಸ್ ಹಾಕಿದ ಬಕೆಟ್ಟಿಗೆ ವರ್ಗಾಯಿಸಿ, ಅಲ್ಲಿ ಮಾಂಸಕ್ಕೆ ಜಾಗ ಮಾಡಿ.

ಒಲೆಯ ವಿಚಾರ ನಮಗೆ ತಡವಾಗಿ ಹೊಳೆಯಿತು. ಅಡುಗೆಮನೆಯಲ್ಲಿ ಐದು ಜನ ನಿಂತರೂ ಒಲೆಗೆ ಬಾಯಿ ಎರಡೇ. ನಿಜವಾದ ಇಕ್ಕಟ್ಟು ಇರುವುದು ಅಲ್ಲಿ. ಹತ್ತು ಗಂಟೆಗೆ ಎಡಗಡೆ ಮಟನ್, ಬಲಗಡೆ ಪಲ್ಯ. ಹನ್ನೊಂದಕ್ಕೆ ಎಡಗಡೆ ಅಕ್ಕಿಯ ನೀರು, ಬಲಗಡೆ ಕೋಳಿ. ಹನ್ನೆರಡಕ್ಕೆ ಎಡಗಡೆ ದಮ್, ಬಲಗಡೆ ಸಾರು ಬಿಸಿ ಮಾಡುವುದು ಎಂದು ಬರೆದು ಗೋಡೆಗೆ ಅಂಟಿಸಿದೆವು. ಮೊದಲಿಗೆ ನಗೆಪಾಟಲಾದರೂ ಈಗ ಆ ಚೀಟಿಯಿಲ್ಲದೆ ಹಬ್ಬವೇ ಇಲ್ಲ. ಮೊಸರುಬಜ್ಜಿಗೂ ಕೇಕಿಗೂ ಒಲೆಯ ಹಂಗಿಲ್ಲ. ಗ್ಯಾಸಿನ ಪಾಠವಂತೂ ಮರೆಯುವ ಹಾಗಿಲ್ಲ: ಡಿಸೆಂಬರ್ ಹದಿನೈದರೊಳಗೆ 14.2 ಕಿಲೋದ ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಬೇಕು, ಅದನ್ನು ಎತ್ತಿ ನೋಡಿ ಖಾತ್ರಿ ಮಾಡಿಕೊಂಡಿರಬೇಕು. ಮಾಂಸದಂಗಡಿಯವರಿಗೂ ವಾರ ಮುಂಚೆಯೇ ಹೇಳಿಡುವುದು ಒಳ್ಳೆಯದು. ಹಬ್ಬದ ಬೆಳಿಗ್ಗೆ ಐದು ಗಂಟೆಗೆ ಸಾಲಿನಲ್ಲಿ ನಿಲ್ಲುವ ಸುಖ ಅನುಭವಿಸಿದವರಿಗೇ ಗೊತ್ತು.

ಪೂಜೆಯ ಮಾತಿಗೆ ಬರೋಣ. ಅಡುಗೆಗಾಗಿ ಪೂಜೆ ತಪ್ಪಿಸಿಕೊಳ್ಳುವ, ಇಲ್ಲವೇ ಪೂಜೆಯಲ್ಲೂ ಮನಸ್ಸು ಕುಕ್ಕರಿನ ಮೇಲೇ ಇರುವ ತಾಯಂದಿರು ಎಷ್ಟು ಮಂದಿ! ಕ್ರಿಸ್ಮಸ್ಸಿಗೆ ಧರ್ಮಸಭೆ ಒಂದಲ್ಲ, ನಾಲ್ಕು ಪೂಜೆಗಳ ಪ್ರಾರ್ಥನೆಗಳನ್ನು ಇಟ್ಟಿದೆ: ಹಿಂದಿನ ಸಂಜೆಯದು, ರಾತ್ರಿಯದು, ಮುಂಜಾವಿನದು, ಹಗಲಿನದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯಂತೆ ಹಿಂದಿನ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೂ ಹಬ್ಬದ ಪೂಜೆಯ ಕರ್ತವ್ಯ ನೆರವೇರುತ್ತದೆ. ನಮ್ಮ ಮನೆಯಲ್ಲಿ ಈಗ ಎರಡು ತಂಡ. ಮಕ್ಕಳಿರುವವರು ರಾತ್ರಿ ಪೂಜೆಗೆ, ಅಮ್ಮ ಮತ್ತು ಅವರ ಜೊತೆಗೊಬ್ಬರು ಚೆನ್ನಾಗಿ ನಿದ್ದೆ ಮಾಡಿ ಹಗಲಿನ ಪೂಜೆಗೆ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಬೇಕೆಂಬ ಆಸೆಯನ್ನು ನಾವೂ ಸುಲಭವಾಗಿ ಬಿಟ್ಟುಕೊಡಲಿಲ್ಲ. ಆದರೆ ತೂಕಡಿಸುತ್ತಾ ಎಲ್ಲರೊಡನೆ ಇರುವುದಕ್ಕಿಂತ ಎಚ್ಚರವಾಗಿದ್ದು ಪರಮಪ್ರಸಾದ ಸ್ವೀಕರಿಸುವುದು ಅಮ್ಮನಿಗೇ ಇಷ್ಟವಾಯಿತು.

ಹಾಗೆಯೇ, ಎಲ್ಲ ನೆಂಟರನ್ನೂ ಇಪ್ಪತ್ತೈದಕ್ಕೇ ಕರೆಯಬೇಕೆಂದು ಎಲ್ಲಿ ಬರೆದಿದೆ? ಕ್ರಿಸ್ಮಸ್ ಹಬ್ಬದ ಆಚರಣೆ ಜನವರಿ 1ರವರೆಗೆ ಎಂಟು ದಿನ ನಡೆಯುತ್ತದೆ. ನಡುವೆ ಭಾನುವಾರ ಬಂದರೆ ಅಂದೇ ಪರಿಶುದ್ಧ ಕುಟುಂಬದ ಹಬ್ಬ. ಚಿಕ್ಕಪ್ಪ ಚಿಕ್ಕಮ್ಮಂದಿರನ್ನು ಆ ದಿನಕ್ಕೆ ಕರೆದೆವು. ಇಪ್ಪತ್ತು ಜನ ಹನ್ನೆರಡಾದರು, ತಪ್ಪಲೆಯೂ ಚಿಕ್ಕದಾಯಿತು, ಅವರೊಡನೆ ಮಾತಾಡಲು ಪುರುಸೊತ್ತೂ ಸಿಕ್ಕಿತು. ಬರುವವರು ಬರಿಗೈಯಲ್ಲಿ ಬರಲು ಸಂಕೋಚಪಟ್ಟು ಏನು ತರಲಿ ಎಂದು ಕೇಳಿದಾಗ, ಏನೂ ಬೇಡ ಎನ್ನುವ ಬದಲು ಮೊಸರುಬಜ್ಜಿ ತನ್ನಿ ಎಂದು ಹೇಳಿಬಿಡುತ್ತೇವೆ. ಪುನರುತ್ಥಾನದ ನಂತರ ಪ್ರಭು ತಾವೇ ಕೆರೆಯ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದರಲ್ಲವೇ (ಯೊವಾನ್ನ 21)? ತಾವು ಸಿದ್ಧ ಮಾಡಿದ್ದರೂ, ಶಿಷ್ಯರು ಹಿಡಿದ ಮೀನುಗಳಲ್ಲೂ ಕೆಲವನ್ನು ತರಲು ಹೇಳಿದರು. ಅಡುಗೆ ಗಂಡಸರ ಕೆಲಸವಲ್ಲ ಎನ್ನುವವರಿಗೆ ನಾವು ತೋರಿಸುವುದು ಈ ಅಧ್ಯಾಯವನ್ನೇ.

ಇಷ್ಟೆಲ್ಲ ಹೇಳಿದರೂ ನಿಜವಾದ ತೊಡಕು ಇವುಗಳಲ್ಲಿ ಇರಲಿಲ್ಲ. ಅದು ಅಮ್ಮನಲ್ಲಿತ್ತು, ನಮ್ಮಲ್ಲೂ ಇತ್ತು. ನಾವು ಉತ್ಸಾಹದಿಂದ ಅಡುಗೆಮನೆಗೆ ನುಗ್ಗಿದಾಗ ಅಮ್ಮನ ಮುಖ ಬಾಡಿತು. ಈರುಳ್ಳಿ ದಪ್ಪ ಹೆಚ್ಚಿದ್ದೀರಿ, ಆ ಸೌಟು ಅದಕ್ಕಲ್ಲ, ಅಲ್ಲಿಡಬೇಡಿ ಎಂದು ಮಾತು ಮಾತಿಗೂ ತಡೆದರು. ಕೊನೆಗೆ ಹಿತ್ತಲಿಗೆ ಹೋಗಿ ಸುಮ್ಮನೆ ಕುಳಿತರು. ನಲವತ್ತು ವರ್ಷ ತನ್ನದಾಗಿದ್ದ ಜಾಗದಲ್ಲಿ ತನಗೇನು ಕೆಲಸ ಎಂದು ಅವರಿಗೆ ಅನಿಸಿತ್ತು. ಭಾರ ಇಳಿಸುತ್ತೇವೆಂದು ಅವರ ಪದವಿಯನ್ನೇ ಕಿತ್ತುಕೊಂಡಿದ್ದೆವು. ಅತ್ತಿಗೆಯೇ ಅದನ್ನು ಮೊದಲು ಗುರುತಿಸಿದ್ದು. ಅಮ್ಮನನ್ನು ಕರೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. "ಅತ್ತೆ, ಮಸಾಲೆ ನೀವೇ ಅಳೆದುಕೊಡಬೇಕು, ನಮಗೆ ಹದ ಗೊತ್ತಿಲ್ಲ" ಎಂದರು. ಅಂದಿನಿಂದ ಬಿರಿಯಾನಿಯ ಮಸಾಲೆ, ಉಪ್ಪು, ದಮ್ ಬಿಚ್ಚುವ ಸಮಯ ಈ ಮೂರೂ ಅಮ್ಮನ ಅಧಿಕಾರ. ಹೆಚ್ಚುವುದು, ರುಬ್ಬುವುದು, ಎತ್ತಿಳಿಸುವುದು, ಪಾತ್ರೆ ತೊಳೆಯುವುದು ನಮ್ಮದು. ಪಾತ್ರೆಯ ವಿಷಯವನ್ನು ಒತ್ತಿ ಹೇಳುತ್ತೇವೆ. ಅಡುಗೆಗೆ ನೆರವಾಗಿ ಹೊಗಳಿಸಿಕೊಂಡವರು ತಪ್ಪಲೆ ಉಜ್ಜುವ ಹೊತ್ತಿಗೆ ಮಾಯವಾಗುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ.

2013ರ ಆ ಹಬ್ಬದಂದು ಒಂದೂಕಾಲಿಗೆ ಎಲ್ಲರೂ ಊಟಕ್ಕೆ ಕುಳಿತೆವು. ಬಡಿಸುವ ಪಾಳಿ ತಮ್ಮನದು. ಅಮ್ಮ ಎರಡು ಸಲ ಎದ್ದರು, ಒಮ್ಮೆ ಉಪ್ಪಿನಕಾಯಿಗೆ, ಒಮ್ಮೆ ಯಾವುದಕ್ಕೆಂದು ಅವರಿಗೇ ಗೊತ್ತಿರಲಿಲ್ಲ. ಮೂರನೆಯ ಸಲ ಏಳುವಷ್ಟರಲ್ಲಿ ಮೊಮ್ಮಗಳು ಬಂದು ತೊಡೆಯ ಮೇಲೆ ಕುಳಿತುಬಿಟ್ಟಳು. ಅಮ್ಮ ಬಿರಿಯಾನಿಯ ಮೊದಲ ತುತ್ತು ಬಾಯಿಗಿಟ್ಟು, ತಮ್ಮನ ಮುಖ ನೋಡಿ, "ಈ ಸಲ ಅನ್ನ ಸ್ವಲ್ಪ ಮುದ್ದೆಯಾಗಿದೆಯಲ್ಲೋ" ಎಂದರು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು.